ಹಳೆಯ ಪಿಕಪ್ಪಿನ ಮೇಲೆ ಹೊರಿಸಿದ ತಪ್ಪು

ಹತ್ತು ಹನ್ನೆರಡು ವರ್ಷ ದಾಟಿದ ಪಿಕಪ್ ಇಟ್ಟುಕೊಂಡವರು ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ ಎಲ್ಲಿ ಹೋದರೂ ಒಂದೇ ಮಾತು ಕೇಳಬೇಕಾಗುತ್ತದೆ. "ಗಾಡಿಗೆ ಪ್ರಾಯ ಆಯಿತಲ್ಲ, ಇನ್ನು ಅದು ಡೀಸೆಲ್ ಕುಡಿಯುವುದೇ." ಬಾಯಿಕಟ್ಟೆಯಲ್ಲಿ ಬಾಡಿಗೆಗೆ ಕಾದು ನಿಂತವರು ಹೀಗೆನ್ನುತ್ತಾರೆ. ಉಪ್ಪಳದಲ್ಲಿ ಡೀಸೆಲ್ ತುಂಬಿಸಲು ಸಾಲುಗಟ್ಟಿದವರು ಹೀಗೆನ್ನುತ್ತಾರೆ. ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಹೀಗೆನ್ನುತ್ತಾರೆ. ಹೊಸ ಗಾಡಿ ಮಾರುವವರು, ಅದಕ್ಕೆ ಸಾಲ ಕೊಡಿಸುವವರು ಹೇಳುವುದಂತೂ ಇದ್ದದ್ದೇ. ಕೇಳಿ ಕೇಳಿ ಇದೊಂದು ಅಭಿಪ್ರಾಯ ಮಾತ್ರ ಎಂಬುದೇ ನಮಗೆ ಮರೆತುಹೋಗಿದೆ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎಂಬಷ್ಟೇ ಸಹಜವಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ.

ಈ ಮಾತು ಬುಡದಿಂದಲೇ ತಪ್ಪು. ತಪ್ಪು ಮಾತ್ರವಲ್ಲ, ನಮ್ಮ ಕಡೆಯ ಸಣ್ಣ ಕೃಷಿಕರಿಗೂ ಬಾಡಿಗೆ ಗಾಡಿಯವರಿಗೂ ನೇರವಾಗಿ ನಷ್ಟ ತರುವ ಮಾತು. ಇದನ್ನು ನಂಬಿದವರು ಎರಡರಲ್ಲೊಂದು ಮಾಡುತ್ತಾರೆ. ಒಂದೋ, ಹೇಗೂ ಮದ್ದಿಲ್ಲವೆಂದು ಕೈಚೆಲ್ಲಿ ತಿಂಗಳು ತಿಂಗಳೂ ದುಡ್ಡು ಸುರಿಯುತ್ತಾರೆ. ಇಲ್ಲವೇ, ಇನ್ನೂ ಹತ್ತು ವರ್ಷ ದುಡಿಯಬಲ್ಲ ಗಾಡಿಯನ್ನು ಮೂರು ಕಾಸಿಗೆ ಕೊಟ್ಟು, ಐದು ವರ್ಷದ ಕಂತನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಎರಡೂ ಅನಾವಶ್ಯಕ.

ವರ್ಷ ಕಳೆದ ಮಾತ್ರಕ್ಕೆ ಕಬ್ಬಿಣಕ್ಕೆ ಹಸಿವು ಹೆಚ್ಚುವುದಿಲ್ಲ. ನಮ್ಮ ಕಡೆ ಹೆಚ್ಚಾಗಿ ಕಾಣುವ ಬೊಲೆರೊ ಪಿಕಪ್ಪಿನಲ್ಲಿರುವುದು ನಾಲ್ಕು ಸಿಲಿಂಡರಿನ, 2523 ಸಿ.ಸಿ.ಯ ಡೀಸೆಲ್ ಎಂಜಿನ್. ಸಕಾಲದಲ್ಲಿ ಆಯಿಲ್ ಬದಲಿಸಿದರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಗಟ್ಟಿ ಕಬ್ಬಿಣ ಅದು. ಪಿಸ್ಟನ್ ರಿಂಗು ಸವೆದು ಕಂಪ್ರೆಶನ್ ಇಳಿಯುವುದು ನಿಜ, ಆಗ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ ಎಂಬುದೂ ನಿಜ. ಆದರೆ ಅದು ತೀರ ಕೊನೆಗೆ ಬರುವ ಕಾಯಿಲೆ. ಅದಕ್ಕಿಂತ ಎಷ್ಟೋ ಮೊದಲು, ಎಂಜಿನ್ನಿನ ಪ್ರಾಯಕ್ಕೆ ಸಂಬಂಧವೇ ಇಲ್ಲದ ಜಾಗಗಳಲ್ಲಿ ಡೀಸೆಲ್ ಸೋರಿಹೋಗುತ್ತಿರುತ್ತದೆ. ಅಲ್ಲಿ ಯಾರೂ ನೋಡುವುದಿಲ್ಲ, ಯಾಕೆಂದರೆ ತೀರ್ಪು ಮೊದಲೇ ಆಗಿಹೋಗಿದೆ.

ಮೊದಲು ನೋಡಬೇಕಾದ್ದು ಬ್ರೇಕು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಮಣ್ಣಿಗೂ ಮಳೆಗೂ ಇದು ಅಂಟಿಕೊಂಡೇ ಬಂದ ರೋಗ. ಉಪ್ಪಳದಿಂದ ಲೋಡು ಹೇರಿ ಚಡಾವು ಹತ್ತಿಕೊಂಡು ಬಂದ ಪಿಕಪ್ಪನ್ನು ಏರಿನ ತುದಿಯಲ್ಲಿ, ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಒಯ್ಯಿರಿ. ಮುಟ್ಟಬೇಡಿ, ನಾಲ್ಕು ಬೆರಳು ದೂರದಲ್ಲಿ ಹಿಡಿದರೆ ಸಾಕು. ಚಡಾವು ಹತ್ತುವಾಗ ಬ್ರೇಕ್ ಒತ್ತುವ ಪ್ರಮೇಯ ಬರುವುದಿಲ್ಲ. ಹಾಗಿದ್ದೂ ಹಿಂದಿನ ಒಂದು ಡ್ರಮ್ಮು ಅದರ ಜೊತೆಯದಕ್ಕಿಂತ ಬಿಸಿಯಾಗಿ, ಕಮಟು ವಾಸನೆ ಹೊಡೆಯುತ್ತಿದ್ದರೆ, ಆ ಚಕ್ರವನ್ನು ಬ್ರೇಕು ಇಡೀ ದಾರಿ ಹಿಡಿದುಕೊಂಡೇ ಬಂದಿದೆ ಎಂದು ಅರ್ಥ. ಈಗ ಗಾಡಿಯನ್ನು ಸಮತಟ್ಟಿಗೆ ತಂದು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ, ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸರಿಯಿರುವ ಚಕ್ರ ಹಗುರಾಗಿ ತಿರುಗುತ್ತದೆ. ಹಿಡಿದಿರುವ ಚಕ್ರ ಸರಸರ ಸದ್ದು ಮಾಡಿ ಅರ್ಧ ಸುತ್ತಿಗೇ ನಿಲ್ಲುತ್ತದೆ.

ಡ್ರಮ್ಮು ಬಿಚ್ಚಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಕೆಂಪು ಮಣ್ಣಿನ ಹುಡಿ ಮತ್ತು ತುಕ್ಕು ಒಂದಾಗಿ ಹೆಪ್ಪುಗಟ್ಟಿರುತ್ತದೆ. ವೀಲ್ ಸಿಲಿಂಡರಿನ ರಬ್ಬರು ಹರಿದು ನೀರು ಒಳಹೋಗಿ, ಒಳಗಿನ ಪಿಸ್ಟನ್ನು ಹೊರಬಂದದ್ದು ಹಿಂದೆ ಸರಿಯದೆ ನಿಂತಿರುತ್ತದೆ. ಶೂ ಎಳೆದು ಹಿಡಿಯಬೇಕಾದ ಸ್ಪ್ರಿಂಗು ಸತ್ವ ಕಳೆದುಕೊಂಡಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಆಟಿಯ ಮಳೆಯಲ್ಲಿ ಕೆಲಸವಿಲ್ಲದೆ ಹ್ಯಾಂಡ್‌ಬ್ರೇಕ್ ಎಳೆದು ಅಂಗಳದಲ್ಲಿ ದಿನಗಟ್ಟಲೆ ನಿಲ್ಲಿಸಿದ ಗಾಡಿಗಳ ಕೇಬಲ್ಲು ಒಳಗೇ ತುಕ್ಕು ಹಿಡಿದು ಕುಳಿತಿರುತ್ತದೆ. ಮಂಜೇಶ್ವರ ಬಂದರಿನಿಂದ ಮೀನು ಸಾಗಿಸುವ ಪಿಕಪ್ಪುಗಳ ಪಾಡು ಇನ್ನೂ ಕಷ್ಟ. ಉಪ್ಪು ಬೆರೆತ ಮಂಜುಗಡ್ಡೆ ನೀರು ದಿನವೂ ಆ ಡ್ರಮ್ಮುಗಳ ಮೇಲೆ ಸುರಿಯುತ್ತದೆ. ಇಷ್ಟೆಲ್ಲ ಆದಮೇಲೆ ಗಾಡಿ ಚಡಾವಿನಲ್ಲಿ ಏದುಸಿರು ಬಿಟ್ಟರೆ "ಎಂಜಿನ್ ಹೋಯಿತು" ಎನ್ನುತ್ತೇವೆ. ಎಂಜಿನ್ ಬಡಪಾಯಿ ಬ್ರೇಕಿನ ಜೊತೆ ಗುದ್ದಾಡುತ್ತಿದೆ. ವೀಲ್ ಸಿಲಿಂಡರಿನ ಕಿಟ್ಟು, ಸ್ಪ್ರಿಂಗು, ಕೇಬಲ್ಲು, ಅರ್ಧ ದಿನದ ಕೂಲಿ, ಇಷ್ಟೇ ಇದರ ಖರ್ಚು.

ಟಯರಿನ ಗಾಳಿಯ ಕತೆಯೂ ಇದೇ. ಅಮೆರಿಕದ ಇಂಧನ ಇಲಾಖೆ ಕಾರುಗಳಿಗೆ ಹೇಳುವ ಲೆಕ್ಕದಲ್ಲಿ, ಟಯರುಗಳ ಗಾಳಿ ಸರಾಸರಿ ಒಂದು ಪಿ.ಎಸ್.ಐ. ಇಳಿದರೆ ಮೈಲೇಜು ಶೇಕಡಾ 0.2ರಷ್ಟು ಇಳಿಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಭಾರ ಹೊರುವ ಗಾಡಿಯ ಹಿಂದಿನ ಟಯರಿಗೆ ಬೇಕಾದ ಗಾಳಿ ಕಾರಿನದಕ್ಕಿಂತ ಬಹಳ ಹೆಚ್ಚು. ಅದರಲ್ಲಿ ಹದಿನೈದು ಪಿ.ಎಸ್.ಐ. ಇಳಿದದ್ದು ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಕಾಲಲ್ಲಿ ಒದ್ದು ನೋಡಿ "ಗಾಳಿ ಉಂಟು" ಎನ್ನುವ ನಮ್ಮ ಪರೀಕ್ಷೆಗೆ ಬೆಲೆಯಿಲ್ಲ. ಗಾಡಿಯ ಕೈಪಿಡಿಯಲ್ಲಿ ಖಾಲಿಗೆಷ್ಟು, ಲೋಡಿಗೆಷ್ಟು ಎಂದು ಬರೆದಿರುತ್ತದೆ. ಅದರಂತೆ, ಟಯರು ತಣ್ಣಗಿರುವಾಗ, ಗೇಜು ಹಿಡಿದು ನೋಡಬೇಕು.

ಗಾಳಿ ಸೋಸುವ ಫಿಲ್ಟರಿನ ವಿಷಯದಲ್ಲಿ ಎಚ್ಚರದ ಮಾತೊಂದಿದೆ. ಸೆನ್ಸರು, ಕಂಪ್ಯೂಟರು ಇರುವ ಹೊಸ ಎಂಜಿನ್ನುಗಳಲ್ಲಿ ಫಿಲ್ಟರು ಕೊಳೆಯಾದರೆ ಪಿಕಪ್ಪಿನ ಎಳೆತ ತಗ್ಗುತ್ತದೆ, ಮೈಲೇಜಿಗೆ ಅಂಥ ದೊಡ್ಡ ಪೆಟ್ಟು ಬೀಳುವುದಿಲ್ಲ. ಹಳೆಯ ಯಾಂತ್ರಿಕ ಪಂಪಿನ ಗಾಡಿ ಹಾಗಲ್ಲ. ಎಷ್ಟು ಗಾಳಿ ಒಳಬಂತೆಂಬುದು ಆ ಪಂಪಿಗೆ ಗೊತ್ತಾಗುವುದಿಲ್ಲ. ಅದು ತನ್ನ ಪಾಲಿನ ಡೀಸೆಲ್ ಸುರಿಯುತ್ತದೆ, ಗಾಳಿ ಸಾಲದೆ ಅದು ಅರೆಬರೆ ಉರಿದು ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಕಪ್ಪುಕಲ್ಲಿನ ಕ್ವಾರಿ, ಮುರಕಲ್ಲಿನ ಪಣೆಗಳಿಗೆ ಹೋಗಿಬರುವ ಗಾಡಿಗಳಲ್ಲಿ ಈ ಫಿಲ್ಟರು ಬೇಸಿಗೆಯಲ್ಲಿ ಎಷ್ಟು ಬೇಗ ಕೆಂಪಾಗುತ್ತದೆಂದರೆ, ಪೇಟೆಯ ಗಾಡಿಗೆ ಬರೆದ ಸರ್ವೀಸ್ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು.

ಇನ್ನು ಪಂಪು ಮತ್ತು ನಾಝಲ್. ಈ ದೇಶದ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಬಹುಪಾಲಿನ ಪಂಪುಗಳ ಮೇಲೆ ಮೈಕೋ ಎಂಬ ಮುದ್ರೆ ಇರುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದ ಕಂಪನಿಯದು. ಆ ಪಂಪಿನ ಒಳಗಿನ ಭಾಗಗಳನ್ನು ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರ ಇಟ್ಟು ಕೂಡಿಸಿರುತ್ತಾರೆ. ಅಂಥದ್ದನ್ನು ರಸ್ತೆ ಬದಿಯಲ್ಲಿ ಸ್ಪ್ಯಾನರು ಹಿಡಿದು "ಸ್ವಲ್ಪ ಏರಿಸಿಕೊಡುತ್ತೇನೆ, ಚಡಾವು ಹತ್ತುತ್ತದೆ" ಎಂದು ತಿರುಗಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಗಾಡಿ ಒಂದಷ್ಟು ದಿನ ಜೋರಾಗಿ ಎಳೆಯುವುದೂ ಹೌದು. ಮಾಲಿಕ ಖುಷಿಪಡುತ್ತಾನೆ. ಆದರೆ ಅಲ್ಲಿಂದ ಮುಂದೆ ಪ್ರತಿ ಚಡಾವಿನಲ್ಲೂ ಉರಿಯದ ಡೀಸೆಲ್ ಹೊಗೆಯಾಗಿ ಹಿಂದಿನ ಬೈಕಿನವನ ಮುಖಕ್ಕೆ ಬಡಿಯುತ್ತದೆ. ಆರು ತಿಂಗಳಾದಮೇಲೆ ಅದೇ ಮಾಲಿಕ "ಪ್ರಾಯ ಆಯಿತು" ಎಂದು ಗಾಡಿಯನ್ನು ದೂರುತ್ತಾನೆ. ಹೊಗೆಯ ಕಾರಣ ತಿರುಗಿಸಿಟ್ಟ ಸ್ಕ್ರೂ. ಪಂಪನ್ನು ಬಿಚ್ಚಿ ಪರೀಕ್ಷಾ ಬೆಂಚಿನ ಮೇಲಿಟ್ಟು, ನಾಝಲ್ ಎಷ್ಟು ಒತ್ತಡಕ್ಕೆ ಹೇಗೆ ಸಿಂಪಡಿಸುತ್ತದೆಂದು ನೋಡಿ ಸರಿಮಾಡುವ ಅಂಗಡಿಗಳು ಕಾಸರಗೋಡಿನಲ್ಲೂ ಇವೆ, ಮಂಗಳೂರಿನಲ್ಲೂ ಇವೆ. ಕೆಲಸ ಅಲ್ಲಿ ಆಗಬೇಕು.

ಮಾಲಿಕರ ಆಕ್ಷೇಪ ನನಗೆ ಗೊತ್ತಿದೆ: "ಇಷ್ಟೆಲ್ಲ ಮಾಡಿದರೆ ಸಿಗುವುದೆಷ್ಟು, ಒಂದೋ ಎರಡೋ ಕಿಲೋಮೀಟರ್. ಹಳೆಯದಕ್ಕೆ ಯಾಕೆ ದುಡ್ಡು ಹಾಕುವುದು?" ಎಲ್ಲರೂ ಎಡವುವುದು ಇಲ್ಲಿಯೇ. ಲೆಕ್ಕವನ್ನು ಲೀಟರಿಗೆಷ್ಟು ಕಿಲೋಮೀಟರ್ ಎಂದು ಮಾಡದೆ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಮಾಡಿ ನೋಡಿ. ಲೀಟರಿಗೆ 8 ಕೊಡುವ ಗಾಡಿಗೆ ನೂರು ಕಿಲೋಮೀಟರಿಗೆ 12.5 ಲೀಟರ್ ಬೇಕು. ಅದನ್ನು 10ಕ್ಕೆ ತಂದರೆ 10 ಲೀಟರ್ ಸಾಕು. ಉಳಿದದ್ದು ಎರಡೂವರೆ ಲೀಟರ್. ಅದೇ 14 ಕೊಡುವ ಗಾಡಿಯನ್ನು ಹೇಗೋ ಮಾಡಿ 18ಕ್ಕೆ ಏರಿಸಿದಿರಿ ಎನ್ನೋಣ. 7.1 ಲೀಟರಿನ ಜಾಗದಲ್ಲಿ 5.6 ಲೀಟರ್ ಆಗುತ್ತದೆ. ಉಳಿತಾಯ ಒಂದೂವರೆ ಲೀಟರ್. ಹಳೆಯ ಗಾಡಿಯ ಎರಡು ಕಿಲೋಮೀಟರಿನಲ್ಲಿ ಬರುವ ಲಾಭ ಹೊಸ ಗಾಡಿಯ ನಾಲ್ಕು ಕಿಲೋಮೀಟರಿನಲ್ಲಿ ಬರುವುದಿಲ್ಲ. ಗಾಡಿ ಹೆಚ್ಚು ಕುಡಿಯುತ್ತದೆ ಎಂದಾದರೆ, ಅದರ ಮೇಲೆ ಹಾಕುವ ರಿಪೇರಿಯ ದುಡ್ಡು ಅಷ್ಟೇ ಬೇಗ ವಾಪಸು ಬರುತ್ತದೆ. ಊರಿನ ಮಾತು ಇದಕ್ಕೆ ನೇರ ವಿರುದ್ಧವಾಗಿದೆ.

ಹೊಸದನ್ನು ತೆಗೆದುಕೊಂಡರೆ ಡೀಸೆಲಿನಲ್ಲೇ ಕಂತು ಹುಟ್ಟುತ್ತದೆ ಎಂಬ ಮಾತನ್ನೂ ತಕ್ಕಡಿಗೆ ಹಾಕೋಣ. ಉದಾಹರಣೆಗೆ ತಿಂಗಳಿಗೆ 1500 ಕಿಲೋಮೀಟರ್ ಓಡುವ ಗಾಡಿ. ಹಳೆಯದು 10 ಕೊಡುತ್ತದೆ, ಹೊಸದು 13. ಡೀಸೆಲ್ 95 ರೂಪಾಯಿ ಎಂದು ಹಿಡಿಯಿರಿ. ಹಳೆಯದಕ್ಕೆ 150 ಲೀಟರ್, ಹೊಸದಕ್ಕೆ ಸುಮಾರು 115. ಉಳಿತಾಯ 35 ಲೀಟರ್, ಎಂದರೆ ತಿಂಗಳಿಗೆ 3,300 ರೂಪಾಯಿಯ ಆಸುಪಾಸು. ಎಂಟು ಲಕ್ಷ ಸಾಲವನ್ನು ಶೇಕಡಾ 10ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ಕಂತು ಹತ್ತಿರ ಹತ್ತಿರ 17,000. ತಿಂಗಳಿಗೆ 4000 ಕಿಲೋಮೀಟರ್ ಓಡಿಸುವವನಿಗೂ ಡೀಸೆಲಿನ ಉಳಿತಾಯ ಒಂಬತ್ತು ಸಾವಿರ ದಾಟುವುದಿಲ್ಲ. ಕಂತಿನ ಅರ್ಧಕ್ಕೆ ಬಂದು ನಿಲ್ಲುತ್ತದೆ. ಕೊಳೆರೋಗ ಬಂದು ಅಡಿಕೆ ಬುಡಕ್ಕೆ ಉದುರಿದ ವರ್ಷವೂ ಆ ಕಂತು ತಿಂಗಳ ತಾರೀಕಿಗೆ ಬಂದು ಬಾಗಿಲು ತಟ್ಟುತ್ತದೆ. ಹೊಸ ಗಾಡಿಗೆ ಬೇರೆ ಕಾರಣಗಳಿರಬಹುದು, ದೂರದ ಓಟ, ದಾರಿಯಲ್ಲಿ ಕೈಕೊಡಬಾರದೆಂಬ ಭರವಸೆ. ಆ ಕಾರಣಕ್ಕೆ ಕೊಳ್ಳುವವರು ಕೊಳ್ಳಲಿ. ಮೈಲೇಜಿನ ಹೆಸರಿನಲ್ಲಿ ಯಾರೂ ಸಾಲಕ್ಕೆ ಬೀಳಬಾರದು.

ಹಳೆಯ ಗಾಡಿಗೆ ಮದ್ದಿಲ್ಲ ಎನ್ನುವ ಬಾಯಿಯೇ ಮಾಟದ ಮದ್ದುಗಳನ್ನೂ ಹೇಳುತ್ತದೆ. ಅವುಗಳಲ್ಲಿ ಅತ್ಯಂತ ಅಪಾಯದ್ದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು. ಪೈವಳಿಕೆಯ ರಸ್ತೆಗಳು ಪದವಿನಿಂದ ಬಯಲಿಗೆ, ಬಯಲಿನಿಂದ ಮತ್ತೆ ಪದವಿಗೆ ಏರಿ ಇಳಿಯುವಂಥವು. ಬಾಯಾರಿಗೆ ಹೋಗಲಿ, ಕಯ್ಯಾರಿಗೆ ಹೋಗಲಿ, ಧರ್ಮತ್ತಡ್ಕಕ್ಕೆ ಹೋಗಲಿ, ಇಳಿಜಾರು ಸಿಕ್ಕೇ ಸಿಗುತ್ತದೆ. ಗೇರು ತೆಗೆದು ಬಿಟ್ಟರೆ ಪುಕ್ಕಟೆ ಓಟ ಎಂದು ಹುಡುಗರಿಗೆ ಹಿರಿಯರೇ ಕಲಿಸಿಕೊಡುತ್ತಾರೆ.

ಪುಕ್ಕಟೆ ಅಲ್ಲ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ವೇಗ ಐಡ್ಲಿಂಗಿಗಿಂತ ಮೇಲಿರುವ ತನಕ ಪಂಪಿನ ಗವರ್ನರು ಡೀಸೆಲನ್ನು ಪೂರ್ತಿ ಮುಚ್ಚುತ್ತದೆ. ಹಳೆಯ ಯಾಂತ್ರಿಕ ಪಂಪಿನಲ್ಲೂ ಹೀಗೆಯೇ, ಕಾಮನ್ ರೈಲಿನಲ್ಲೂ ಹೀಗೆಯೇ. ನ್ಯೂಟ್ರಲ್ಲಿಗೆ ತಂದ ಕ್ಷಣ ಎಂಜಿನ್ನಿಗೆ ಚಕ್ರದ ಆಸರೆ ತಪ್ಪುತ್ತದೆ, ನಿಲ್ಲದಿರಲು ಅದು ಡೀಸೆಲ್ ಸುಡಲೇಬೇಕು. ಈ ಗಾತ್ರದ ಎಂಜಿನ್ನು ಸುಮ್ಮನೆ ಗುರುಗುಡಲು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಬೇಕು. ಸೊನ್ನೆ ಖರ್ಚಾಗುವ ಜಾಗದಲ್ಲಿ ಖರ್ಚು ಮಾಡಿ ಉಳಿಸಿದೆವೆಂದುಕೊಳ್ಳುತ್ತೇವೆ. ಇಳಿಜಾರು ತೀರ ಸಣ್ಣದಾಗಿ, ಗೇರಿನಲ್ಲಿಟ್ಟರೆ ಗಾಡಿ ನಿಲ್ಲುವಂತಾಗುತ್ತದೆ ಎಂಬ ಜಾಗದಲ್ಲಿ ನ್ಯೂಟ್ರಲ್ ತುಸು ದೂರ ಒಯ್ಯಬಹುದು. ಅಲ್ಲಿಯೂ ಟಾಪ್ ಗೇರಿನಲ್ಲಿಟ್ಟು ಕಾಲು ಹಗುರ ಮಾಡಿದರೆ ಸಾಕು. ನಮ್ಮ ದಾರಿಯ ಇಳಿಜಾರುಗಳಾದರೋ ಕಡಿದಾದವು, ತಿರುವಿನವು. ನ್ಯೂಟ್ರಲ್ಲಿನಲ್ಲಿ ಗಳಿಸಿದ ವೇಗವನ್ನು ಮುಂದಿನ ತಿರುವಿನಲ್ಲಿ ಬ್ರೇಕಿಗೆ ಸುರಿಯಲೇಬೇಕು.

ಬ್ರೇಕಿಗೆ ಸುರಿಯುವುದೆಂದರೆ ಏನೆಂದು ಒಮ್ಮೆ ಯೋಚಿಸಿ. ಗಾಡಿ, ಲೋಡು ಸೇರಿ ಮೂರು ಟನ್ ತೂಕವನ್ನು ಐವತ್ತರ ವೇಗದಿಂದ ನಿಲ್ಲಿಸಿದಾಗ ಶಾಖವಾಗಿ ಹಾರಿಹೋಗುವ ಶಕ್ತಿಯನ್ನು ಮತ್ತೆ ಗಳಿಸಲು ಸುಮಾರು 25 ಮಿಲಿಲೀಟರ್ ಡೀಸೆಲ್ ಬೇಕು. ನಲವತ್ತು ಸಲ ಹಾಗೆ ನಿಲ್ಲಿಸಿದರೆ ಒಂದು ಲೀಟರ್. ಅದಕ್ಕಿಂತ ದೊಡ್ಡ ನಷ್ಟದ ಮಾತು ಬೇರೆಯೇ ಇದೆ. ಎಂಜಿನ್ನಿನ ಹಿಡಿತವಿಲ್ಲದೆ ಲೋಡು ಗಾಡಿ ಇಳಿಯುವಾಗ ಇಡೀ ಭಾರ ಡ್ರಮ್ಮಿನ ಮೇಲೆ ಬೀಳುತ್ತದೆ, ಡ್ರಮ್ಮು ಕಾದರೆ ಬ್ರೇಕು ಹಿಡಿಯುವುದು ನಿಲ್ಲುತ್ತದೆ. ಇನ್ನು ಕೆಲವರು ಎಂಜಿನ್ನನ್ನೇ ಆಫ್ ಮಾಡಿ ಇಳಿಸುತ್ತಾರೆ. ಡೀಸೆಲ್ ಗಾಡಿಯ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಎಂಜಿನ್ನಿನ ಓಟದಿಂದಲೇ ತಿರುಗುವಂಥದ್ದು. ಎಂಜಿನ್ ನಿಂತರೆ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಆ ಬಲ ಮುಗಿದು ಪೆಡಲು ಕಲ್ಲಾಗುತ್ತದೆ. ಶಾಲೆಯ ಮಕ್ಕಳು ಬದಿಯಲ್ಲಿ ನಡೆದುಹೋಗುವ ರಸ್ತೆ ಇದು. ನ್ಯೂಟ್ರಲ್ಲಿನ ಬುದ್ಧಿ ಕಲಿಸಿಕೊಡುವ ಹಿರಿಯರು ಇನ್ನಾದರೂ ಅದನ್ನು ನಿಲ್ಲಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಎರಡನೆಯ ಮಾಟ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಒಮ್ಮೆ ಗಾಡಿ ಬಿಸಿಯಾಯಿತೆಂದರೆ ಸಾಕು, "ನಮ್ಮ ಸೆಕೆಗೆ ಇದು ಬೇಡ" ಎಂದು ತೆಗೆದೇಬಿಡುತ್ತಾರೆ. ರೇಡಿಯೇಟರಿನಲ್ಲಿ ಕೆಸರು ಕಟ್ಟಿತ್ತೋ, ಫ್ಯಾನಿನ ಬೆಲ್ಟು ಸಡಿಲಿತ್ತೋ ಎಂದು ನೋಡುವ ಬದಲು ಮಾಡುವ ಕೆಲಸ ಇದು. ಎಂಜಿನ್ ಎಂಬತ್ತು ಡಿಗ್ರಿಯ ಮೇಲೆ ಬೆಚ್ಚಗಿದ್ದರೆ ಮಾತ್ರ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಆಯಿಲ್ ತೆಳ್ಳಗಾಗಿ ಹರಿಯುತ್ತದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಮಳೆಗಾಲದಲ್ಲಿ, ಸಣ್ಣ ಸಣ್ಣ ಓಟಗಳಲ್ಲಿ, ಹಾಲು ಡಿಪೋಗೆ, ರೇಶನ್ ಅಂಗಡಿಗೆ ಹೋಗಿಬರುವಷ್ಟರಲ್ಲಿ ಬೆಚ್ಚಗಾಗುವುದೇ ಇಲ್ಲ. ಬಹಳ ಅಗ್ಗದ ಈ ಭಾಗವನ್ನು ವಾಪಸು ಹಾಕಿಸುವುದು ಹಳೆಯ ಗಾಡಿಗೆ ಮಾಡಬಹುದಾದ ದೊಡ್ಡ ಉಪಕಾರಗಳಲ್ಲೊಂದು.

ಟ್ಯಾಂಕಿಗೆ ಸುರಿಯುವ ಬಾಟಲಿ, ಪೈಪಿಗೆ ಕಟ್ಟುವ ಅಯಸ್ಕಾಂತ, ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆಂದು ಮಾರುವ ನೂರಕ್ಕೂ ಮಿಕ್ಕಿ ಸಾಧನಗಳನ್ನು ಪರಿಶೀಲಿಸಿತು. ಹೇಳಿಕೊಳ್ಳುವಂಥ ಲಾಭ ಕೊಟ್ಟದ್ದು ಇಲ್ಲವೆಂದೇ ಹೇಳಬೇಕು. ಸೀಮೆಎಣ್ಣೆ ಬೆರೆಸುವುದಂತೂ ತನ್ನ ಗಾಡಿಗೆ ತಾನೇ ಮಾಡುವ ದ್ರೋಹ. ಪಂಪಿನ ಒಳಭಾಗಗಳಿಗೆ ಜಾರಿಕೆ ಸಿಗುವುದು ಡೀಸೆಲಿನಿಂದಲೇ, ಸೀಮೆಎಣ್ಣೆಯಲ್ಲಿ ಆ ಗುಣ ಕಡಿಮೆ. ಲೀಟರಿಗೆ ಸಿಗುವ ಶಕ್ತಿಯೂ ಕಡಿಮೆ.

ಗಡಿಯಲ್ಲಿರುವ ನಮಗೆ ಇನ್ನೊಂದು ಆಸೆಯಿದೆ. 2023ರ ಏಪ್ರಿಲಿನಿಂದ ಕೇರಳ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಸುರಕ್ಷಾ ಸೆಸ್ ಹಾಕಿದಮೇಲೆ, ಕರ್ನಾಟಕದ ಬಂಕಿಗೆ ಹೋಗಿ ತುಂಬಿಸಿಕೊಂಡು ಬರುವುದೇ ದೊಡ್ಡ ಜಾಣತನ ಎಂಬ ನಂಬಿಕೆ ಇನ್ನಷ್ಟು ಬಲಿಯಿತು. ಆ ದಾರಿಯಾಗಿ ಬಾಡಿಗೆ ಇದ್ದರೆ ಖಂಡಿತ ತುಂಬಿಸಿ. ತುಂಬಿಸಲೆಂದೇ ಹೋಗುವುದಾದರೆ ಲೆಕ್ಕ ಬೇರೆ. ಲೀಟರಿಗೆ ಐದು ರೂಪಾಯಿ ಅಂತರ ಎಂದು ಹಿಡಿದರೆ ನಲವತ್ತು ಲೀಟರಿಗೆ ಇನ್ನೂರು ರೂಪಾಯಿ ಉಳಿಯಿತು. ಹೋಗಿಬರಲು ಇಪ್ಪತ್ತನಾಲ್ಕು ಕಿಲೋಮೀಟರ್ ಆದರೆ ಎರಡು ಲೀಟರಿಗೂ ಮಿಕ್ಕಿ ಡೀಸೆಲ್ ಹೋಯಿತು. ಕೈಯಲ್ಲಿ ಉಳಿದದ್ದು ಏನೂ ಇಲ್ಲ, ಅರ್ಧ ದಿನ ಹೋದದ್ದು ಮಾತ್ರ.

ವೇಗದ ಆಸೆ ಹೊಸದಾಗಿ ಬಂದದ್ದು. ತಲಪಾಡಿಯಿಂದ ಚೆಂಗಳದವರೆಗೆ 66ನೇ ಹೆದ್ದಾರಿ ಆರು ಪಥವಾದಮೇಲೆ, ಹಿಂದೆ ಹೊಂಡ ತಪ್ಪಿಸುತ್ತ ನಲವತ್ತರಲ್ಲಿ ತೆವಳುತ್ತಿದ್ದ ಪಿಕಪ್ಪುಗಳು ಎಂಬತ್ತೈದರಲ್ಲಿ ಹಾರುತ್ತಿವೆ. ಎದುರು ಗೋಡೆಯಂತೆ ನಿಂತ ಆಕಾರದ ಗಾಡಿ ಇದು, ಮೇಲೆ ಕಂಬಿಯ ಚೌಕಟ್ಟು, ಅದಕ್ಕೆ ಟಾರ್ಪಾಲು. ಅರವತ್ತರಿಂದ ಎಂಬತ್ತೈದಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಾಗುತ್ತದೆ. ಇಪ್ಪತ್ತು ಕಿಲೋಮೀಟರಿನಲ್ಲಿ ಇದರಿಂದ ಉಳಿಯುವ ಸಮಯ ಆರು ನಿಮಿಷ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಎಷ್ಟೋ ವರ್ಷಗಳಿಂದ 45ರಿಂದ 55ರ ವೇಗದಲ್ಲಿ ಓಡಿಸಿ ಎಂದು ಹೇಳಿಕೊಂಡೇ ಬಂದಿದೆ. ಆರು ಪಥದಲ್ಲಿ ಐವತ್ತು ಕಷ್ಟವೆಂದರೆ ಎಡಪಥ ಹಿಡಿದು ಅರವತ್ತರಲ್ಲಿ ಹೋಗಲು ಯಾರ ಅಡ್ಡಿಯೂ ಇಲ್ಲ.

ಭಾರದ ಲೆಕ್ಕ ನಮ್ಮ ಗುಡ್ಡೆ ಪ್ರದೇಶದಲ್ಲಿ ಬಯಲುಸೀಮೆಗಿಂತ ಬೇರೆ. ಒಂದು ಟನ್ ತೂಕವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು, ಎಂಜಿನ್ನಿನ ದಕ್ಷತೆ ಶೇಕಡಾ 30 ಎಂದು ಹಿಡಿದರೆ, ಸುಮಾರು 90 ಮಿಲಿಲೀಟರ್ ಡೀಸೆಲ್ ಬೇಕು. ಮುರಕಲ್ಲೊಂದು ಮೂವತ್ತು ಕಿಲೋ ಆಸುಪಾಸು ತೂಗುತ್ತದೆ. ಐವತ್ತು ಕಲ್ಲಾದರೆ ಒಂದೂವರೆ ಟನ್, ಅಷ್ಟಕ್ಕೇ ಪಿಕಪ್ಪಿನ ಮಿತಿ ಮುಟ್ಟಿತು. ಅದರ ಮೇಲೆ ಇನ್ನಿಪ್ಪತ್ತು ಹೇರಿ, ಒಂದನೇ ಗೇರಿನಲ್ಲಿ ಅಳುತ್ತ ಹತ್ತಿಸಿ, ಕ್ಲಚ್ಚು ಸುಟ್ಟುಕೊಂಡು, ಆ ಕ್ಲಚ್ಚು ಜಾರುತ್ತ ಎಂಜಿನ್ನಿನ ಓಟವನ್ನು ಚಕ್ರಕ್ಕೆ ಮುಟ್ಟಿಸದಂತಾದಾಗ ಪ್ರಾಯದ ದೂರು ಮತ್ತೆ ಏಳುತ್ತದೆ. ಖಾಲಿ ಓಡುವಾಗಲೂ ಇಳಿಸದ ಹಲಗೆ, ಸರಪಳಿ, ಹೆಚ್ಚುವರಿ ಕಬ್ಬಿಣದ ಬಂಪರು ಇವೆಲ್ಲ ಪ್ರತಿ ಚಡಾವಿನಲ್ಲೂ ತಮ್ಮ ಪಾಲಿನ ಡೀಸೆಲ್ ತೆಗೆದುಕೊಳ್ಳುತ್ತವೆ.

ಇಷ್ಟಾಗಿಯೂ ಪ್ರಾಯದ ಈ ವಾದ ನಡೆಯುವುದು ಬರಿಯ ಊಹೆಯ ಮೇಲೆ. ತನ್ನ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆಂದು ನಿಜವಾಗಿ ಗೊತ್ತಿರುವ ಮಾಲಿಕ ಅಪರೂಪ. ಐನೂರಕ್ಕೆ, ಸಾವಿರಕ್ಕೆ ಎಂದು ಹಾಕಿಸುವುದು, ಗೇಜಿನ ಮುಳ್ಳು ಕೆಟ್ಟು ವರ್ಷವಾಗಿರುವುದು, ಕಿಲೋಮೀಟರ್ ಕೇಬಲ್ಲು ತುಂಡಾಗಿರುವುದು. ಹೀಗಿದ್ದರೆ ಗಾಡಿ ಹತ್ತು ಕೊಡುತ್ತದೋ ಏಳೋ ಎಂದು ಹೇಳುವುದು ಯಾರು? ಮೊದಲು ಕೇಬಲ್ಲು ಹಾಕಿಸಿ. ಟಯರಿನ ಅಳತೆ ಬದಲಿಸಿದ್ದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿ ಮೀಟರು ಎಷ್ಟು ತಪ್ಪು ತೋರಿಸುತ್ತದೆಂದು ತಿಳಿದುಕೊಳ್ಳಿ. ಒಂದೇ ಬಂಕಿನಲ್ಲಿ, ಸಮತಟ್ಟಾಗಿ ನಿಲ್ಲಿಸಿ ಟ್ಯಾಂಕು ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ, ಲೋಡು ದಾರಿ ಬದಲಾಗುತ್ತಿರುತ್ತದೆ. ಮೂರು ನಾಲ್ಕು ಟ್ಯಾಂಕಿನ ಸರಾಸರಿ ಹಿಡಿಯಿರಿ. ಆಮೇಲೆ ಒಂದೊಂದೇ ರಿಪೇರಿ ಮಾಡಿಸಿ ಮತ್ತೆ ಅಳೆಯಿರಿ. ಐದು ರಿಪೇರಿ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮಳೆ ನಿಂತು ಅಡಿಕೆ ಕೊಯ್ಲು ಬಿರುಸಾಗುವ ಮೊದಲು ಸಿಗುವ ಬಿಡುವು ಇದಕ್ಕೆ ಸರಿಯಾದ ಕಾಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಹೇಗೂ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕು. ಅದಕ್ಕೆಂದು ಮೇಲೆ ಮೇಲೆ ಪೈಂಟು ಬಳಿಯುವ ದುಡ್ಡಿನಲ್ಲಿ ಡ್ರಮ್ಮು ಬಿಚ್ಚಿಸಬಹುದು.

ಪರಿಸರದ ಮಾತು ಎತ್ತುವವರಿದ್ದಾರೆ, ಅವರ ಮಾತಿಗೆ ಬೆಲೆ ಕೊಡಲೇಬೇಕು. ಹಳೆಯ ಬಿ.ಎಸ್. 3 ಎಂಜಿನ್ನು ಎಷ್ಟೇ ಚೆನ್ನಾಗಿಟ್ಟರೂ 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6ರಷ್ಟು ಸ್ವಚ್ಛವಾಗದು. ಲಕ್ಷಾಂತರ ಗಾಡಿಗಳು ಉಸಿರುಕಟ್ಟಿಸುವ ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಬೇಡವೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದಕ್ಕೆ ಅಲ್ಲಿನ ಗಾಳಿಯೇ ಕಾರಣ. ನಮ್ಮಲ್ಲಿ ಪ್ರಶ್ನೆ ಇರುವುದು, ಹೇಗೂ ಓಡುವ ಗಾಡಿ ಹೊಗೆಯುಗುಳುತ್ತ ಓಡಬೇಕೋ, ಉಗುಳದೆ ಓಡಬೇಕೋ ಎಂಬುದು. "ಹಳೆಯದು, ಮದ್ದಿಲ್ಲ" ಎಂದವನು ಗಾಡಿಯನ್ನು ಬಿಡುವುದೂ ಇಲ್ಲ, ಸರಿಮಾಡುವುದೂ ಇಲ್ಲ. ಪೈವಳಿಕೆ, ಮೀಂಜ, ಚಿಪ್ಪಾರಿನ ಪದವುಗಳಲ್ಲಿ 50 ಮೆಗಾವಾಟಿನ ಸೌರ ಸ್ಥಾವರ 2021ರಲ್ಲಿ ಉದ್ಘಾಟನೆಯಾಗಿದೆ. ಮುಂದೊಂದು ದಿನ ಈ ಊರಿನ ಪಿಕಪ್ಪುಗಳು ಅಂಥ ಬಿಸಿಲಿನ ವಿದ್ಯುತ್ತಿನಲ್ಲೇ ಓಡಲಿ ಎಂಬುದು ನನ್ನ ಆಸೆಯೂ ಹೌದು. ಅಲ್ಲಿಯ ತನಕ ಕೆ.ಎಲ್. 14ರ ಹಳೆಯ ಡೀಸೆಲ್ ಗಾಡಿಗಳೇ ನಮ್ಮ ಅಡಿಕೆಯನ್ನೂ ರಬ್ಬರನ್ನೂ ಗೊಬ್ಬರವನ್ನೂ ಹೊರಬೇಕು.

ನಿಜವಾಗಿ ಮುಗಿದ ಗಾಡಿಗಳೂ ಇವೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಭುಸುಗುಡುತ್ತ ಎದ್ದುಬಂದು, ಕಂಪ್ರೆಶನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರು ಕೆಳಗಿಳಿದಿದ್ದರೆ, ಬಿಚ್ಚಿ ಕಟ್ಟುವ ಖರ್ಚಿಗೂ ಗಾಡಿಯ ಬೆಲೆಗೂ ತಾಳೆ ಹಾಕಬೇಕು. ಚಾಸಿಸ್ಸಿನ ಉದ್ದಪಟ್ಟಿಗೆ ಸುತ್ತಿಗೆಯಲ್ಲಿ ಬಡಿದಾಗ ಪದರು ಪದರಾಗಿ ತುಕ್ಕು ಉದುರಿ ತೂತು ಕಂಡರೆ ತಾಳೆ ಹಾಕುವುದೂ ಬೇಡ, ಮರುದಿನವೇ ಅದನ್ನು ರಸ್ತೆಯಿಂದ ಇಳಿಸಬೇಕು. ಅಂಥ ಗಾಡಿ ಲೀಟರಿಗೆ ಹದಿನೈದು ಕೊಟ್ಟರೂ ಅದರಲ್ಲಿ ಲೋಡು ಹೇರಬಾರದು.